ವಿಚಾರಣೆಯಲ್ಲಿ ಬಳಕೆಯಾಗುವ ವಾದ, ತರ್ಕ ಹಾಗೂ ಪುರಾವೆಯ ಮುಖ್ಯ ಪದಗಳು: ಅರ್ಜಿದಾರರಿಗೆ ಮಾಹಿತಿ

(ಬಂಟ್ವಾಳ ತಾಲ್ಲೂಕಿನ ಸಿದ್ಧಕಟ್ಟೆ ಹಾಗೂ ಅದರ ನೆರೆಯ ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಗ್ರಾಮಗಳ ಸಾರ್ವಜನಿಕರ ಉಪಯೋಗಕ್ಕಾಗಿ)

1. ಪೀಠಿಕೆ

ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ಪೌತಿ ಖಾತೆ ಮುಂತಾದ ಸೇವೆಗಳಿಗಾಗಿ ಸಲ್ಲಿಕೆಯಾಗುವ ಅರ್ಜಿಗಳ ಪೈಕಿ ತಕರಾರಿಲ್ಲದವು ದಾಖಲೆಗಳ ಪರಿಶೀಲನೆಯಿಂದಲೇ ಇತ್ಯರ್ಥವಾಗುತ್ತವೆ. ಅರ್ಜಿಯೊಂದಕ್ಕೆ ಆಕ್ಷೇಪಣೆ ಬಂದ ಕೂಡಲೆ ಅದು ವಿಚಾರಣೆಯ ವಿಷಯವಾಗುತ್ತದೆ. ಆಗ ಅರ್ಜಿದಾರರ ಕೈಸೇರುವ ತಿಳುವಳಿಕೆ ಪತ್ರದಲ್ಲಿ ಆಕ್ಷೇಪಣೆ, ಲಿಖಿತ ಹೇಳಿಕೆ, ಸಾಕ್ಷ್ಯ, ರುಜುವಾತು, ಏಕಪಕ್ಷೀಯ, ಮೇಲ್ಮನವಿ ಮೊದಲಾದ ಪದಗಳು ಇರುತ್ತವೆ. ಈ ಪ್ರತಿಯೊಂದು ಪದಕ್ಕೂ ಒಂದು ಕರ್ತವ್ಯ ಅಥವಾ ಒಂದು ಕಾಲಮಿತಿ ಅಂಟಿಕೊಂಡಿರುತ್ತದೆ. ಪದದ ಅರ್ಥ ತಿಳಿಯದೆ ಕಾಲಮಿತಿ ಮೀರಿದಲ್ಲಿ, ನ್ಯಾಯವಾದ ಹಕ್ಕುಳ್ಳವರೂ ಅದನ್ನು ಸ್ಥಾಪಿಸಿಕೊಳ್ಳುವ ಅವಕಾಶವನ್ನು ಕಳೆದುಕೊಳ್ಳಬಹುದು.

ಈ ಭಾಗದ ಬಹುತೇಕ ಮನೆಗಳಲ್ಲಿ ಆಡುಮಾತು ತುಳು, ಬ್ಯಾರಿ ಅಥವಾ ಕೊಂಕಣಿ. ಕಚೇರಿಯ ವ್ಯವಹಾರವು 1963ರ ಕರ್ನಾಟಕ ರಾಜಭಾಷಾ ಅಧಿನಿಯಮದ ಮೇರೆಗೆ ಕನ್ನಡದಲ್ಲಿ ನಡೆಯುತ್ತದೆ. ಕಚೇರಿಯ ಕನ್ನಡವಾದರೋ ಸಂಸ್ಕೃತ, ಪಾರಸಿ ಹಾಗೂ ಇಂಗ್ಲಿಷ್ ಮೂಲದ ಪದಗಳಿಂದ ತುಂಬಿದೆ. ಆದ್ದರಿಂದ ವಿಚಾರಣೆಯಲ್ಲಿ ಎದುರಾಗುವ ಮುಖ್ಯ ಪದಗಳನ್ನು ಅರ್ಥ ಹಾಗೂ ಉದಾಹರಣೆಗಳ ಸಹಿತ ಇಲ್ಲಿ ನೀಡಲಾಗಿದೆ.

2. ವಾದದ ಪದಗಳು ಈ ಭಾಗಕ್ಕೆ ಹೊಸವಲ್ಲ

ವಾದದ ಪರಿಭಾಷೆಯು ಕಚೇರಿಗಳ ಮೂಲಕ ಮಾತ್ರ ಕರಾವಳಿಗೆ ಬಂದುದಲ್ಲ. ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯವನ್ನು ಆಧರಿಸಿ, ಸ್ಥಳದಲ್ಲಿಯೇ ಮಾತು ಕಟ್ಟಿ ವಾದಿಸುತ್ತಾರೆ. ವಾಲಿವಧೆ, ಕೃಷ್ಣ ಸಂಧಾನ, ಭೀಷ್ಮ ವಿಜಯ ಮುಂತಾದ ಪ್ರಸಂಗಗಳು ಮುಖ್ಯವಾಗಿ ವಾದ–ಪ್ರತಿವಾದಗಳಿಂದಲೇ ನಿಂತಿವೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳ ವಾದವೈಖರಿಯನ್ನು ಕೇಳಲು ಜನರು ರಾತ್ರಿಯಿಡೀ ಕುಳಿತಿರುತ್ತಿದ್ದರು.

ಉಡುಪಿಯ ಸಮೀಪದ ಪಾಜಕದಲ್ಲಿ 13ನೆಯ ಶತಮಾನದಲ್ಲಿ ಜನಿಸಿದ ಮಧ್ವಾಚಾರ್ಯರು ವಾದದ ವಿಧಾನವನ್ನೇ ವಿಷಯವನ್ನಾಗಿಸಿಕೊಂಡು ‘ಕಥಾಲಕ್ಷಣ’ ಎಂಬ ಗ್ರಂಥವನ್ನು ರಚಿಸಿದ್ದಾರೆ. ಮೂಡುಬಿದಿರೆಯು 1430ರಲ್ಲಿ ನಿರ್ಮಿತವಾದ ಸಾವಿರ ಕಂಬದ ಬಸದಿಗೂ, ಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳಿಗೂ ಹೆಸರಾದ ಜೈನ ಕೇಂದ್ರವಾಗಿದ್ದು, ಒಂದು ವಿಷಯವನ್ನು ಹಲವು ದೃಷ್ಟಿಗಳಿಂದ ಪರಿಶೀಲಿಸುವ ಅನೇಕಾಂತ ತತ್ತ್ವವು ಜೈನ ತರ್ಕದ ತಳಹದಿಯಾಗಿದೆ. ಕಚೇರಿಯ ಪರಿಭಾಷೆಯ ಹಲವು ಪದಗಳು ಈ ಪರಂಪರೆಗಳಿಂದಲೇ ಬಂದಿವೆ.

ಸಾಮಾನ್ಯ ರೈತರು ಸ್ವತಃ ವಾದ ಮಂಡಿಸಿದ ನಿದರ್ಶನವೂ ಸಮೀಪದ ಇತಿಹಾಸದಲ್ಲಿದೆ. 1961ರ ಕರ್ನಾಟಕ ಭೂ ಸುಧಾರಣಾ ಅಧಿನಿಯಮಕ್ಕೆ ತರಲಾದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದ ಬಳಿಕ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರು. ಈ ಜಿಲ್ಲೆಯಲ್ಲಿ ಅದನ್ನು ಇಂದಿಗೂ ‘ಡಿಕ್ಲರೇಶನ್’ ಎಂದೇ ಕರೆಯುವುದುಂಟು. ಸದರಿ ತಿದ್ದುಪಡಿಯಂತೆ ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ರದ್ದುಪಡಿಸಿತು. ಅಲ್ಲಿಯವರೆಗೆ ಚಾಲಗೇಣಿದಾರರು ತಾವೇ ನಿಂತು ತಮ್ಮ ಸಾಗುವಳಿಯನ್ನು ಗೇಣಿ ರಶೀದಿ ಹಾಗೂ ನೆರೆಹೊರೆಯವರ ಸಾಕ್ಷ್ಯದಿಂದ ತೋರಿಸಬೇಕಾಗಿತ್ತು. ರಶೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದವರಿಗೂ ಇಟ್ಟುಕೊಳ್ಳದಿದ್ದವರಿಗೂ ಆಗ ಉಂಟಾದ ವ್ಯತ್ಯಾಸವನ್ನು ಹಿರಿಯರು ಬಲ್ಲರು.

3. ಕಕ್ಷಿದಾರರಿಗೆ ಸಂಬಂಧಿಸಿದ ಪದಗಳು

ಅರ್ಜಿದಾರ: ಸೇವೆ, ನಮೂದು ಅಥವಾ ಆದೇಶವನ್ನು ಕೋರಿ ಅರ್ಜಿ ಸಲ್ಲಿಸಿದವರು.

ಆಕ್ಷೇಪಣೆದಾರ (ತಕರಾರುದಾರ): ಸದರಿ ಅರ್ಜಿಯಂತೆ ಆದೇಶವಾಗಕೂಡದೆಂದು ಕಾರಣ ಸಹಿತ ತಿಳಿಸಿದವರು.

ವಾದಿ, ಪ್ರತಿವಾದಿ: ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದವರು ವಾದಿ, ಯಾರ ವಿರುದ್ಧ ದಾವೆ ಹೂಡಲಾಗಿದೆಯೋ ಅವರು ಪ್ರತಿವಾದಿ. ಕಂದಾಯ ಕಚೇರಿಯ ವಿಚಾರಣೆಯಲ್ಲಿ ಈ ಪದಗಳ ಬಳಕೆ ಕಡಿಮೆ.

ಮೇಲ್ಮನವಿದಾರ, ಎದುರುದಾರ: ಕೆಳ ಹಂತದ ಆದೇಶದಿಂದ ಬಾಧಿತರಾಗಿ ಮೇಲಿನ ಅಧಿಕಾರಿಯ ಬಳಿಗೆ ಹೋದವರು ಮೇಲ್ಮನವಿದಾರ, ಅದಕ್ಕೆ ಉತ್ತರಿಸಬೇಕಾದವರು ಎದುರುದಾರ. ಕೆಳ ಹಂತದ ಅರ್ಜಿದಾರರೇ ಮೇಲ್ಮನವಿಯಲ್ಲಿ ಎದುರುದಾರರಾಗಬಹುದು. ಇದರಿಂದ ಗಾಬರಿಗೊಳ್ಳಬೇಕಾದುದಿಲ್ಲ.

4. ಅಹವಾಲು, ಆಕ್ಷೇಪಣೆ, ತಕರಾರು, ಆಪಾದನೆ

ಈ ನಾಲ್ಕು ಪದಗಳು ಒಂದೇ ಅಲ್ಲ.

ಅಹವಾಲು: ತಮಗಾದ ತೊಂದರೆಯನ್ನು ಅಧಿಕಾರಿಯ ಗಮನಕ್ಕೆ ತರುವುದು. ‘ನಮ್ಮ ಮನೆಯವರಿಗೆ ಅನ್ಯಾಯವಾಗಿದೆ, ನ್ಯಾಯ ದೊರಕಿಸಿಕೊಡಬೇಕು’ ಎಂಬುದು ಅಹವಾಲು.

ಆಕ್ಷೇಪಣೆ: ನಿರ್ದಿಷ್ಟ ಕ್ರಮವೊಂದು ಏಕೆ ಆಗಕೂಡದೆಂದು ಕಾರಣ ಮತ್ತು ದಾಖಲೆ ಸಹಿತ ನಿಗದಿತ ಅವಧಿಯೊಳಗೆ ಲಿಖಿತವಾಗಿ ತಿಳಿಸುವುದು. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 129ನೆಯ ಕಲಮಿನಂತೆ ಖಾತೆ ಬದಲಾವಣೆಗೆ ಮುನ್ನ ತಿಳುವಳಿಕೆ ಪತ್ರ ಹೊರಡಿಸಲಾಗುತ್ತದೆ. ಸದರಿ ಪತ್ರದಲ್ಲಿ ಕಾಣಿಸಿದ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು.

ತಕರಾರು: ಆಕ್ಷೇಪಣೆ ದಾಖಲಾದ ಬಳಿಕ ಉಂಟಾಗುವ ವಿವಾದ. ತಕರಾರು ಪ್ರಕರಣವಾದ ಬಳಿಕ ಉಭಯ ಕಡೆಯವರನ್ನು ವಿಚಾರಿಸಿ ಆದೇಶ ಹೊರಡಿಸಲಾಗುತ್ತದೆ.

ಆಪಾದನೆ: ವ್ಯಕ್ತಿಯೊಬ್ಬರು ತಪ್ಪು ಎಸಗಿದ್ದಾರೆಂದು ಹೇಳುವುದು. ಆಪಾದನೆಯನ್ನು ಮಾಡಿದವರೇ ಅದನ್ನು ರುಜುವಾತುಪಡಿಸಬೇಕಾಗುತ್ತದೆ. ಆಕ್ಷೇಪಣೆಗೆ ಅಗತ್ಯವಿಲ್ಲದ ಆಪಾದನೆಗಳನ್ನು ಸೇರಿಸಿದಲ್ಲಿ ಹೊಣೆ ಹೆಚ್ಚುವುದೇ ಹೊರತು ವಾದವು ಬಲಗೊಳ್ಳುವುದಿಲ್ಲ.

ಅಹವಾಲನ್ನೇ ಆಕ್ಷೇಪಣೆಯೆಂದು ಭಾವಿಸಿ ಸಲ್ಲಿಸುವುದು ಸಾಮಾನ್ಯ. ಕಾರಣವಾಗಲಿ ದಾಖಲೆಯಾಗಲಿ ಇಲ್ಲದ ಪತ್ರದಲ್ಲಿ ವಿಚಾರಿಸಲು ಏನೂ ಉಳಿಯುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

5. ವಾದವನ್ನು ಕಟ್ಟುವ ಐದು ಅಂಗಗಳು

ಭಾರತೀಯ ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮರ ನ್ಯಾಯಸೂತ್ರವು ಪೂರ್ಣವಾದ ವಾದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಲಿಖಿತ ಹೇಳಿಕೆಯನ್ನು ಸಿದ್ಧಪಡಿಸಲು ಈ ಕ್ರಮವು ಇಂದಿಗೂ ಉಪಯುಕ್ತವಾಗಿದೆ. ವಿವರಣೆಗಾಗಿ ಒಂದು ಕಾಲ್ಪನಿಕ ಸಂದರ್ಭವನ್ನು ತೆಗೆದುಕೊಳ್ಳಬಹುದು: ತಂದೆಯವರು ತೀರಿಕೊಂಡ ಬಳಿಕ ಮಗನೊಬ್ಬನು ಅವರ ಸ್ವಯಾರ್ಜಿತ ಜಮೀನನ್ನು ತನ್ನೊಬ್ಬನ ಹೆಸರಿಗೆ ಪೌತಿ ಖಾತೆ ಮಾಡಿಕೊಡಲು ಕೋರಿದ್ದಾನೆ. ಮದುವೆಯಾಗಿ ಬೇರೆ ಗ್ರಾಮದಲ್ಲಿ ವಾಸವಾಗಿರುವ ಮಗಳು ಆಕ್ಷೇಪಣೆ ಸಲ್ಲಿಸಬೇಕಾಗಿದೆ.

ಪ್ರತಿಜ್ಞೆ (ಸ್ಥಾಪಿಸಬೇಕಾದ ಮಾತು): ‘ಸದರಿ ಜಮೀನಿನ ಖಾತೆಯನ್ನು ಅರ್ಜಿದಾರರೊಬ್ಬರ ಹೆಸರಿಗೆ ಮಾತ್ರ ದಾಖಲಿಸಕೂಡದು.’ ಆಣೆ ಎಂಬ ಅರ್ಥದ ಪ್ರತಿಜ್ಞೆ ಇದಲ್ಲ.

ಹೇತು (ಕಾರಣ): ‘ಏಕೆಂದರೆ ಆಕ್ಷೇಪಣೆದಾರರೂ ಮೃತರ ಮಗಳಾಗಿದ್ದು, ವಾರಸುದಾರರಾಗಿರುತ್ತಾರೆ.’

ಉದಾಹರಣೆ (ಎಲ್ಲರಿಗೂ ಅನ್ವಯಿಸುವ ನಿಯಮ, ನಿದರ್ಶನ ಸಹಿತ): ‘ಉಯಿಲು ಬರೆಯದೆ ಮೃತರಾದ ಹಿಂದೂ ಪುರುಷರ ಸ್ವಂತ ಆಸ್ತಿಯು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 8ನೆಯ ಕಲಮಿನಂತೆ ಮೊದಲಿಗೆ ಒಂದನೆಯ ವರ್ಗದ ವಾರಸುದಾರರಿಗೆ ಸೇರುತ್ತದೆ. ಮಗ, ಮಗಳು, ಹೆಂಡತಿ, ತಾಯಿ ಈ ವರ್ಗದಲ್ಲಿದ್ದಾರೆ.’ ಕಚೇರಿಯ ವಿಚಾರಣೆಯಲ್ಲಿ ಕಾನೂನಿನ ಕಲಮು ಅಥವಾ ಅಂತಹುದೇ ಸಂದರ್ಭದ ಹಿಂದಿನ ಆದೇಶವು ಈ ಅಂಗದ ಸ್ಥಾನದಲ್ಲಿ ನಿಲ್ಲುತ್ತದೆ.

ಉಪನಯ (ನಿಯಮವನ್ನು ಪ್ರಸ್ತುತ ಸಂದರ್ಭಕ್ಕೆ ತಂದು ಕೂಡಿಸುವುದು): ‘ಪ್ರಸ್ತುತ ತಂದೆಯವರು ಉಯಿಲು ಬರೆದಿರುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಾಗೂ ಜಮೀನಿನ ಕ್ರಯಪತ್ರದ ನಕಲುಗಳನ್ನು ಲಗತ್ತಿಸಿದೆ.’

ನಿಗಮನ (ತೀರ್ಮಾನ): ‘ಆದ್ದರಿಂದ ಎಲ್ಲ ವಾರಸುದಾರರ ಹೆಸರುಗಳನ್ನು ಜಂಟಿಯಾಗಿ ದಾಖಲಿಸಲು ಕೋರಿದೆ.’

ಹೀಗೆ ಬರೆದ ಆಕ್ಷೇಪಣೆಯು ಒಂದು ಪುಟವನ್ನು ಮೀರುವುದಿಲ್ಲ. ಎದುರು ಕಡೆಯವರು ಇದಕ್ಕೆ ಉತ್ತರಿಸಬೇಕಾದರೆ ಐದರಲ್ಲಿ ಒಂದಾದರೂ ಅಂಗವು ತಪ್ಪೆಂದು ತೋರಿಸಬೇಕಾಗುತ್ತದೆ. ‘ಮದುವೆಯ ಕಾಲಕ್ಕೆ ಚಿನ್ನ ಕೊಟ್ಟಾಗಿದೆ, ಅವಳಿಗೆ ಇನ್ನೇನೂ ಬರುವುದಿಲ್ಲ’ ಎಂಬ ಮಾತು ಮೇಲಿನ ಯಾವ ಅಂಗವನ್ನೂ ಮುಟ್ಟುವುದಿಲ್ಲ. ಚಿನ್ನ ಕೊಟ್ಟಿರುವುದು ನಿಜವೇ ಆಗಿರಬಹುದು. ಆದರೆ ಅದರಿಂದ ಜಮೀನಿನ ಹಕ್ಕು ಬಿಟ್ಟುಕೊಟ್ಟಂತಾಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರವು 1908ರ ನೋಂದಣಿ ಅಧಿನಿಯಮದ 17ನೆಯ ಕಲಮಿನಂತೆ ನೋಂದಣಿಯಾಗಿರತಕ್ಕದ್ದು. ಅಂತಹ ನೋಂದಾಯಿತ ಪತ್ರವನ್ನು ಮಗನು ಹಾಜರುಪಡಿಸಿದಲ್ಲಿ ಮಾತ್ರ ವಾದದ ದಿಕ್ಕು ಬದಲಾಗುತ್ತದೆ. ಆದ್ದರಿಂದ ಯಾವುದೇ ಕಾಗದಕ್ಕೆ, ಅದು ಬಂಧುಗಳು ತಂದುದೇ ಆಗಿರಲಿ, ಓದಿ ತಿಳಿಯದೆ ರುಜು ಹಾಕಕೂಡದು.

6. ಪುರಾವೆಗೆ ಸಂಬಂಧಿಸಿದ ಪದಗಳು

ಸಾಕ್ಷಿ ಮತ್ತು ಸಾಕ್ಷ್ಯ: ಸಾಕ್ಷಿ ಎಂದರೆ ಕಂಡುದನ್ನು ಬಂದು ಹೇಳುವ ವ್ಯಕ್ತಿ. ಸಾಕ್ಷ್ಯ ಎಂದರೆ ಆ ವ್ಯಕ್ತಿ ನುಡಿದ ಮಾತು ಅಥವಾ ಹಾಜರುಪಡಿಸಿದ ದಾಖಲೆ. ‘ಸಾಕ್ಷ್ಯ ಹಾಜರುಪಡಿಸುವುದು’ ಎಂದು ತಿಳುವಳಿಕೆ ಪತ್ರದಲ್ಲಿದ್ದಲ್ಲಿ ವ್ಯಕ್ತಿಯನ್ನೇ ಕರೆತರಬೇಕೆಂದೇನೂ ಇಲ್ಲ, ದಾಖಲೆಯೂ ಸಾಕ್ಷ್ಯವೇ.

ರುಜುವಾತು: ಸಾಕ್ಷ್ಯದ ಬಲದಿಂದ ಸಂಗತಿಯೊಂದು ಸ್ಥಾಪಿತವಾಗುವುದು. ಸಾಕ್ಷ್ಯವು ಸಾಧನ, ರುಜುವಾತು ಅದರ ಫಲ. ಹತ್ತು ದಾಖಲೆಗಳನ್ನು ಸಲ್ಲಿಸಿದರೂ ಸಂಗತಿಯು ರುಜುವಾತಾಗದಿರಬಹುದು. ಒಂದೇ ದಾಖಲೆಯಿಂದ ಆಗಲೂಬಹುದು.

ರುಜುವಾತಿನ ಹೊಣೆ: ಒಂದು ಸಂಗತಿಯ ಆಧಾರದ ಮೇಲೆ ಹಕ್ಕನ್ನು ಕೋರುವವರೇ ಆ ಸಂಗತಿಯನ್ನು ರುಜುವಾತುಪಡಿಸಬೇಕೆಂಬುದು ಸಾಮಾನ್ಯ ನಿಯಮ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 101ನೆಯ ಕಲಮಿನಲ್ಲಿ ಇದ್ದ ಈ ನಿಯಮವು, 2024ರ ಜುಲೈ 1ರಿಂದ ಜಾರಿಗೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 104ನೆಯ ಕಲಮಿನಲ್ಲಿದೆ. ಕೆಲವೆಡೆ ಹೊಣೆಯು ಕಚೇರಿಯ ಮೇಲೆಯೇ ಇರುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 19(5)ನೆಯ ಕಲಮಿನಂತೆ, ಮಾಹಿತಿ ನಿರಾಕರಿಸಿದ್ದು ಸರಿಯೆಂದು ಮೇಲ್ಮನವಿಯಲ್ಲಿ ತೋರಿಸಬೇಕಾದವರು ನಿರಾಕರಿಸಿದ ಮಾಹಿತಿ ಅಧಿಕಾರಿಯೇ ಹೊರತು ಅರ್ಜಿದಾರರಲ್ಲ.

ಪೂರ್ವಭಾವನೆ: ತದ್ವಿರುದ್ಧವಾಗಿ ರುಜುವಾತಾಗುವವರೆಗೆ ಕಾನೂನು ನಿಜವೆಂದು ಇಟ್ಟುಕೊಳ್ಳುವ ಸಂಗತಿ. ಭೂ ಕಂದಾಯ ಅಧಿನಿಯಮದ 133ನೆಯ ಕಲಮಿನಂತೆ ಹಕ್ಕು ದಾಖಲೆಯ ನಮೂದು, ತಪ್ಪೆಂದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ನಿಜವೆಂದು ಭಾವಿಸಲ್ಪಡುತ್ತದೆ. ಪಹಣಿಯಲ್ಲಿ ತಪ್ಪು ಹೆಸರಿದ್ದರೂ ಸುಮ್ಮನಿರುವುದು ಏಕೆ ಅಪಾಯಕರವೆಂಬುದಕ್ಕೆ ಇದುವೇ ಕಾರಣ: ನಮೂದು ಯಾರ ಕಡೆಗಿದೆಯೋ ಅವರು ಕುಳಿತಲ್ಲಿಯೇ ಇರಬಹುದು, ಅದನ್ನು ಅಲ್ಲಗಳೆಯುವ ಶ್ರಮವೆಲ್ಲ ಮತ್ತೊಬ್ಬರದು.

ಮಹಜರು: ಸ್ಥಳದಲ್ಲಿ ಕಂಡ ಸಂಗತಿಗಳನ್ನು ಪಂಚರ ಸಮಕ್ಷಮ ಬರೆದ ದಾಖಲೆ. ಬರೆದುದನ್ನು ಓದಿಸಿ ಕೇಳುವ ಹಾಗೂ ಒಪ್ಪಿಗೆಯಿಲ್ಲದ ಅಂಶವನ್ನು ಲಿಖಿತವಾಗಿ ತಿಳಿಸುವ ಅವಕಾಶವನ್ನು ಹಾಜರಿದ್ದ ಕಕ್ಷಿದಾರರು ಬಳಸಿಕೊಳ್ಳುವುದು ಒಳಿತು.

ಪಾಟಿ ಸವಾಲು: ಒಂದು ಕಡೆಯ ಸಾಕ್ಷಿಗೆ ಎದುರು ಕಡೆಯವರು ಕೇಳುವ ಪ್ರಶ್ನೆಗಳು. ಸಾಕ್ಷಿಯ ಮಾತಿನ ನಿಜತ್ವವನ್ನು ಪರೀಕ್ಷಿಸುವುದು ಇದರ ಉದ್ದೇಶ, ಜಗಳವಾಡುವುದಲ್ಲ.

7. ಒಂದೇ ಪದ, ಬೇರೆ ಬೇರೆ ಅರ್ಥ

ಕೆಳಗಿನ ಪದಗಳು ಮನೆಮಾತಿನಲ್ಲಿ ಒಂದು ಅರ್ಥವನ್ನೂ ಆದೇಶಗಳಲ್ಲಿ ಮತ್ತೊಂದು ಅರ್ಥವನ್ನೂ ಕೊಡುವುದರಿಂದ ಎಚ್ಚರಿಕೆ ಅಗತ್ಯ.

ಪ್ರಮಾಣ: ತರ್ಕದಲ್ಲಿ ಪ್ರಮಾಣವೆಂದರೆ ನಿಜವನ್ನು ತಿಳಿಯುವ ಸಾಧನ. ಮಧ್ವಾಚಾರ್ಯರ ಮತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣಗಳು. ಕಚೇರಿಯ ಸಂದರ್ಭಕ್ಕೆ ಹೋಲಿಸುವುದಾದರೆ ಸ್ಥಳ ತನಿಖೆಯು ಪ್ರತ್ಯಕ್ಷವನ್ನೂ, ಕಂಡುದರಿಂದ ಕಾಣದುದನ್ನು ತೀರ್ಮಾನಿಸುವುದು ಅನುಮಾನವನ್ನೂ, ನಂಬಲರ್ಹವಾದ ದಾಖಲೆಯ ಮಾತು ಆಗಮವನ್ನೂ ಹೋಲುತ್ತದೆ. ಆಡುಮಾತಿನಲ್ಲಿ ಪ್ರಮಾಣವೆಂದರೆ ಆಣೆ. ದೈವಸ್ಥಾನ, ದೇವಸ್ಥಾನಗಳಲ್ಲಿ ಆಣೆ–ಪ್ರಮಾಣ ಮಾಡಿ ವ್ಯಾಜ್ಯ ತೀರಿಸಿಕೊಳ್ಳುವ ರೂಢಿ ಜಿಲ್ಲೆಯಲ್ಲಿ ಹಿಂದಿನಿಂದಲೂ ಇದೆ. ಅದು ಆಯಾ ಜನರ ಶ್ರದ್ಧೆಯ ವಿಷಯವಾಗಿದ್ದು, ‘ಎದುರುದಾರರು ಆಣೆ ಇಡಲು ಹಿಂಜರಿದರು’ ಎಂಬುದು ಕಚೇರಿಯ ವಿಚಾರಣೆಯಲ್ಲಿ ರುಜುವಾತಾಗುವುದಿಲ್ಲ. ವಿಚಾರಣೆಯಲ್ಲಿ ಕೇಳುವ ‘ಪ್ರಮಾಣ ಪತ್ರ’ (ಅಫಿಡವಿಟ್) ನೋಟರಿ ಅಥವಾ ಅಧಿಕೃತ ವ್ಯಕ್ತಿಯ ಮುಂದೆ ಸತ್ಯವೆಂದು ದೃಢೀಕರಿಸಿದ ಲಿಖಿತ ಹೇಳಿಕೆ.

ಅನುಮಾನ: ಆಡುಮಾತಿನಲ್ಲಿ ಸಂಶಯ, ತರ್ಕದಲ್ಲಿ ಸರಿಯಾದ ಕಾರಣದಿಂದ ತಲುಪಿದ ತೀರ್ಮಾನ. ‘ಸಾಕ್ಷ್ಯದಿಂದ ಅನುಮಾನಿಸಬಹುದಾಗಿದೆ’ ಎಂದು ಆದೇಶದಲ್ಲಿದ್ದರೆ ಅಧಿಕಾರಿಯವರು ಸಂಶಯಪಟ್ಟಿದ್ದಾರೆಂದು ಅರ್ಥವಲ್ಲ. ತೀರ್ಮಾನಕ್ಕೆ ಬಂದಿದ್ದಾರೆಂದು ಅರ್ಥ.

ಪ್ರಕರಣ: ಅಧಿನಿಯಮದ ಒಂದು ಕಲಮು ಎಂಬ ಅರ್ಥವೂ, ವಿಚಾರಣೆಯಲ್ಲಿರುವ ವ್ಯಾಜ್ಯ ಎಂಬ ಅರ್ಥವೂ ಇದೆ. ‘129ನೆಯ ಪ್ರಕರಣ’ ಎಂಬುದು ಕಲಮು. ಸಂಖ್ಯೆಯ ಜೊತೆಗೆ ವರ್ಷವನ್ನೂ ನಮೂದಿಸಿದ್ದರೆ ಅದು ಬಹುಶಃ ವ್ಯಾಜ್ಯದ ಕಡತ ಸಂಖ್ಯೆ.

ವರ್ಗ: ಈ ಜಿಲ್ಲೆಯ ಕಂದಾಯ ಮಾತಿನಲ್ಲಿ ವರ್ಗವೆಂದರೆ ಕಂದಾಯ ನಿಗದಿಯಾಗಿ ಹಿಡುವಳಿದಾರರ ಹೆಸರಿನಲ್ಲಿರುವ ಜಮೀನು. ‘ಒಂದನೆಯ ವರ್ಗದ ವಾರಸುದಾರ’ ಎಂಬಲ್ಲಿ ಅದು ಗುಂಪು. ಮೀಸಲಾತಿಯ ಪತ್ರಗಳಲ್ಲಿ ಜಾತಿ ಪಟ್ಟಿಯ ವಿಭಾಗ.

ಪಕ್ಷ: ವಿಚಾರಣೆಯಲ್ಲಿ ಒಂದು ಕಡೆ. ‘ಏಕಪಕ್ಷೀಯ ಆದೇಶ’ವೆಂದರೆ ತಿಳುವಳಿಕೆ ಪತ್ರ ಜಾರಿಯಾದರೂ ಒಂದು ಕಡೆಯವರು ಹಾಜರಾಗದಿದ್ದಾಗ, ಹಾಜರಿದ್ದವರನ್ನು ಮಾತ್ರ ಕೇಳಿ ಮಾಡಿದ ಆದೇಶ. ಪಕ್ಷಪಾತದ ಆದೇಶವೆಂಬುದು ಇದರ ಅರ್ಥವಲ್ಲ. ಶಾಸ್ತ್ರಗ್ರಂಥಗಳ ‘ಪೂರ್ವಪಕ್ಷ’ವೆಂದರೆ ಮೊದಲು ಮಂಡಿಸುವ ಎದುರಾಳಿಯ ಮಾತು; ‘ಸಿದ್ಧಾಂತ’ವೆಂದರೆ ಅದನ್ನು ಪರಿಶೀಲಿಸಿ ಸ್ಥಾಪಿಸಿದ ನಿಲುವು. ಎದುರಾಳಿಯ ಮಾತನ್ನು ನ್ಯಾಯವಾಗಿ ಹೇಳಿದ ಬಳಿಕವೇ ಉತ್ತರಿಸುವ ಈ ಕ್ರಮವು ಲಿಖಿತ ಹೇಳಿಕೆಗೂ ಮಾದರಿಯಾಗಿದೆ.

8. ವಾದ, ಜಲ್ಪ, ವಿತಂಡ

ಶಾಸ್ತ್ರಕಾರರು ಚರ್ಚೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ನಿಜವನ್ನು ಕಂಡುಕೊಳ್ಳಲು ನಡೆಸುವುದು ವಾದ. ಗೆಲ್ಲುವುದಕ್ಕಾಗಿ ನಡೆಸುವುದು ಜಲ್ಪ. ತನ್ನದೆಂಬ ನಿಲುವನ್ನು ಸ್ಥಾಪಿಸದೆ ಎದುರಾಳಿಯ ಮಾತನ್ನು ಮುರಿಯುವುದಕ್ಕಷ್ಟೇ ನಡೆಸುವುದು ವಿತಂಡ. ‘ವಿತಂಡವಾದ’ ಎಂಬ ಮಾತು ಇಂದಿಗೂ ರೂಢಿಯಲ್ಲಿದೆ.

ವಿಚಾರಣಾ ಅಧಿಕಾರಿಗೆ ಬೇಕಾಗಿರುವುದು ಮೊದಲನೆಯದು. ಆಕ್ಷೇಪಣೆದಾರರು ‘ಅರ್ಜಿದಾರರ ದಾಖಲೆ ಸುಳ್ಳು’ ಎಂದಷ್ಟೇ ಹೇಳಿ, ತಮ್ಮ ಪ್ರಕಾರ ನಮೂದು ಹೇಗಿರಬೇಕೆಂದು ತಿಳಿಸದಿದ್ದಲ್ಲಿ ಅದು ವಿತಂಡದ ಸ್ಥಿತಿಗೆ ಬರುತ್ತದೆ. ಪ್ರತಿ ಆಕ್ಷೇಪಣೆಯ ಕೊನೆಗೆ ‘ಕೋರಿಕೆ’ ಎಂಬ ಭಾಗವಿರತಕ್ಕದ್ದು.

ವಿವಾದಾಂಶ: ಉಭಯ ಕಡೆಯವರಲ್ಲಿ ಒಬ್ಬರು ಹೌದೆಂದೂ ಇನ್ನೊಬ್ಬರು ಅಲ್ಲವೆಂದೂ ಹೇಳುವ ಅಂಶ. ತೀರ್ಮಾನವಾಗಬೇಕಾದುದು ಇದು ಮಾತ್ರ. ತಾಳಮದ್ದಳೆಯಲ್ಲಿ ಅರ್ಥಧಾರಿಯು ಎಷ್ಟು ಚೆನ್ನಾಗಿ ಮಾತನಾಡಿದರೂ ಪದ್ಯದ ಚೌಕಟ್ಟನ್ನು ಬಿಟ್ಟರೆ ಬಲ್ಲವರು ಒಪ್ಪುವುದಿಲ್ಲ. ವಿಚಾರಣೆಯಲ್ಲಿ ಅರ್ಜಿ ಮತ್ತು ಆಕ್ಷೇಪಣೆಗಳೇ ಆ ಚೌಕಟ್ಟು. ಅವುಗಳಲ್ಲಿ ಬರೆಯದ ವಿಷಯವನ್ನು ವಾದದ ದಿನ ಹೊಸದಾಗಿ ತರುವುದು ಕಷ್ಟ.

9. ಹೇತ್ವಾಭಾಸಗಳು (ಕಾರಣದಂತೆ ತೋರುವ, ಆದರೆ ಕಾರಣವಲ್ಲದ ಮಾತುಗಳು)

ಆತ್ಮಾಶ್ರಯ: ಸ್ಥಾಪಿಸಬೇಕಾದುದನ್ನೇ ಕಾರಣವಾಗಿ ಹೇಳುವುದು. ‘ಜಾಗ ನಮ್ಮದು, ಆದ್ದರಿಂದ ಬೇಲಿ ಹಾಕಿದ್ದೇವೆ, ಬೇಲಿ ಹಾಕಿದ್ದೇವೆ, ಆದ್ದರಿಂದ ಜಾಗ ನಮ್ಮದು.’

ಕಾಕತಾಳೀಯ: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದುದನ್ನು ಕಾರಣವೆಂದು ತಿಳಿಯುವುದು. ‘ನೆರೆಯವರು ಕೊಳವೆ ಬಾವಿ ಕೊರೆಸಿದ ವರ್ಷವೇ ನಮ್ಮ ಬಾವಿ ಬತ್ತಿತು’ ಎಂಬುದು ತನಿಖೆಗೆ ಯೋಗ್ಯವಾದ ಸಂಗತಿ, ಅಷ್ಟರಿಂದಲೇ ರುಜುವಾತಲ್ಲ. ಆ ವರ್ಷದ ಮಳೆ, ಬಾವಿಯ ಆಳ, ಎರಡರ ನಡುವಿನ ಅಂತರ ಇವುಗಳನ್ನೂ ನೋಡಬೇಕಾಗುತ್ತದೆ.

ವ್ಯಕ್ತಿನಿಂದೆ: ಮಾತಿಗೆ ಉತ್ತರಿಸದೆ ಮಾತನಾಡಿದವರ ನಡತೆಯನ್ನು ಹಳಿಯುವುದು. ಸಾಲಗಾರನ ಬಳಿಯಿರುವ ಕ್ರಯಪತ್ರವೂ ಕ್ರಯಪತ್ರವೇ.

ವದತೋವ್ಯಾಘಾತ: ತನ್ನ ಮಾತನ್ನು ತಾನೇ ಮುರಿಯುವುದು. ಒಂದು ಅರ್ಜಿಯಲ್ಲಿ 40 ವರ್ಷಗಳಿಂದ ಸಾಗುವಳಿ ಎಂದೂ, ಇನ್ನೊಂದರಲ್ಲಿ 25 ವರ್ಷಗಳ ಹಿಂದೆ ಗ್ರಾಮಕ್ಕೆ ಬಂದುದಾಗಿಯೂ ಬರೆದಿದ್ದಲ್ಲಿ ಎರಡೂ ದುರ್ಬಲವಾಗುತ್ತವೆ. ಆದ್ದರಿಂದ ಸಲ್ಲಿಸಿದ ಪ್ರತಿ ಅರ್ಜಿಯ ನಕಲನ್ನು ಇಟ್ಟುಕೊಳ್ಳತಕ್ಕದ್ದು.

ಅತಿವ್ಯಾಪ್ತಿ: ಕಾರಣವು ಹೇಳುವುದಕ್ಕಿಂತ ಹೆಚ್ಚಿನದನ್ನು ತೀರ್ಮಾನಿಸುವುದು. ಈ ಭಾಗದಲ್ಲಿ ಇದರ ಮುಖ್ಯ ಉದಾಹರಣೆ ಕುಮ್ಕಿ. ವರ್ಗ ಜಮೀನಿಗೆ ಹೊಂದಿಕೊಂಡು 100 ಗಜದೊಳಗೆ ಇರುವ ಸರ್ಕಾರಿ ಜಮೀನಿನಿಂದ ಸೊಪ್ಪು, ತರಗೆಲೆ, ಸೌದೆ ಮುಂತಾದವನ್ನು ಪಡೆಯುವ ರೂಢಿಗತ ಸವಲತ್ತನ್ನು ಭೂ ಕಂದಾಯ ಅಧಿನಿಯಮದ 79ನೆಯ ಕಲಮು ಮುಂದುವರಿಸಿದೆ. ‘ತಲೆಮಾರುಗಳಿಂದ ಸೊಪ್ಪು ತರುತ್ತಿದ್ದೇವೆ, ಆದ್ದರಿಂದ ಜಾಗ ನಮ್ಮದು’ ಎಂಬ ವಾದದಲ್ಲಿ ಕಾರಣ ನಿಜ, ತೀರ್ಮಾನ ನಿಲ್ಲದು, ಸವಲತ್ತು ಒಡೆತನವಲ್ಲ. ಹಾಗೆಯೇ, ‘ಅದು ಸರ್ಕಾರಿ ಜಾಗ, ಆದ್ದರಿಂದ ವರ್ಗದಾರರಿಗೆ ಅಲ್ಲಿ ಏನೂ ಇಲ್ಲ’ ಎಂಬುದೂ ಅತಿವ್ಯಾಪ್ತಿಯೇ. ಒಂದು ದೃಷ್ಟಿಯಿಂದ ಇದು ನಿಜ, ಇನ್ನೊಂದು ದೃಷ್ಟಿಯಿಂದ ಅದು ನಿಜವೆಂದು ಮಿತಿ ಹಾಕಿ ನುಡಿಯುವ ಜೈನ ತರ್ಕದ ‘ಸ್ಯಾದ್ವಾದ’ವು ಇಲ್ಲಿ ಸಹಾಯಕ: ಒಡೆತನದ ದೃಷ್ಟಿಯಿಂದ ಜಾಗ ಸರ್ಕಾರದ್ದು, ಸವಲತ್ತಿನ ದೃಷ್ಟಿಯಿಂದ ವರ್ಗದಾರರಿಗೆ ಅದರಲ್ಲಿ ಪಾಲುಂಟು. ಅರ್ಜಿಯಲ್ಲಿ ಯಾವುದನ್ನು ಕೋರಲಾಗಿದೆ ಎಂಬುದು ಸ್ಪಷ್ಟವಿರತಕ್ಕದ್ದು.

10. ಕಚೇರಿಯ ಕರ್ತವ್ಯವನ್ನು ಸೂಚಿಸುವ ಪದಗಳು

ಕಾರಣ ಕೊಡುವ ಹೊಣೆ ಅರ್ಜಿದಾರರದು ಮಾತ್ರವಲ್ಲ.

ಸಹಜ ನ್ಯಾಯ: ಯಾರಿಗೂ ತಮ್ಮ ಮಾತನ್ನು ಹೇಳಿಕೊಳ್ಳುವ ಅವಕಾಶ ಕೊಡದೆ ಅವರ ವಿರುದ್ಧ ಆದೇಶ ಮಾಡಕೂಡದು; ಯಾರೂ ತಮ್ಮ ಹಿತಾಸಕ್ತಿಯುಳ್ಳ ವಿಷಯದಲ್ಲಿ ತಾವೇ ತೀರ್ಪುಗಾರರಾಗಕೂಡದು ಎಂಬ ಎರಡು ತತ್ತ್ವಗಳು.

ಸಕಾರಣ ಆದೇಶ: ತೀರ್ಮಾನದ ಜೊತೆಗೆ ಅದಕ್ಕೆ ಕಾರಣಗಳನ್ನೂ ಹೇಳುವ ಆದೇಶ. ‘ಪರಿಶೀಲಿಸಲಾಯಿತು, ತಿರಸ್ಕರಿಸಿದೆ’ ಎಂಬಷ್ಟು ಮಾತ್ರ ಸಕಾರಣ ಆದೇಶವಾಗದು. ಮಾಹಿತಿ ಹಕ್ಕು ಅಧಿನಿಯಮದ 4(1)(ಡಿ) ಕಲಮಿನಂತೆ ಆಡಳಿತಾತ್ಮಕ ಹಾಗೂ ಅರೆ ನ್ಯಾಯಿಕ ತೀರ್ಮಾನಗಳ ಕಾರಣಗಳನ್ನು ಬಾಧಿತರಿಗೆ ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಆದೇಶದಲ್ಲಿ ಹೇಳಿದ ಕಾರಣಗಳಿಂದಲೇ ಅದನ್ನು ಪರೀಕ್ಷಿಸಬೇಕು, ಹೊಸ ಕಾರಣಗಳನ್ನು ಅನಂತರ ಸೇರಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1977ರ ಡಿಸೆಂಬರಿನಲ್ಲಿ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ತಿಳಿಸಿದೆ.

ಹಿಂಬರಹ: ಅರ್ಜಿಗೆ ಕಚೇರಿಯು ನೀಡುವ ಲಿಖಿತ ಉತ್ತರ. ತಿರಸ್ಕಾರದ ಹಿಂಬರಹದಲ್ಲಿ ಕಾರಣವಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಮೇಲ್ಮನವಿಯು ಆ ಕಾರಣಕ್ಕೆ ಉತ್ತರವಾಗಿರಬೇಕಾಗುತ್ತದೆ.

11. ಆದೇಶದ ನಂತರದ ಪದಗಳು

ಮೇಲ್ಮನವಿ: ಆದೇಶವು ತಪ್ಪೆಂದು ಮೇಲಿನ ಅಧಿಕಾರಿಯ ಮುಂದೆ ಸಲ್ಲಿಸುವ ಮನವಿ. 129ನೆಯ ಕಲಮಿನ ತಕರಾರು ಆದೇಶದ ವಿರುದ್ಧ 136(2)ನೆಯ ಕಲಮಿನಂತೆ, ಆದೇಶ ತಿಳಿಸಿದ ದಿನಾಂಕದಿಂದ 60 ದಿನಗಳೊಳಗೆ ಸಹಾಯಕ ಆಯುಕ್ತರಿಗೆ ಸಲ್ಲಿಸತಕ್ಕದ್ದು. ಬಂಟ್ವಾಳ ಹಾಗೂ ಮೂಡುಬಿದಿರೆ ತಾಲ್ಲೂಕುಗಳು ಮಂಗಳೂರು ಉಪವಿಭಾಗಕ್ಕೂ, ಬೆಳ್ತಂಗಡಿ ತಾಲ್ಲೂಕು ಪುತ್ತೂರು ಉಪವಿಭಾಗಕ್ಕೂ ಸೇರಿವೆ. ಸಿದ್ಧಕಟ್ಟೆಯಲ್ಲಿ ವಾಸವಿದ್ದು ಬೆಳ್ತಂಗಡಿ ತಾಲ್ಲೂಕಿನಲ್ಲಿ ಜಮೀನುಳ್ಳವರು ಪುತ್ತೂರಿಗೆ ಮನವಿ ಸಲ್ಲಿಸಬೇಕಾಗುತ್ತದೆ. ಜಮೀನು ಇರುವ ಸ್ಥಳವೇ ಮುಖ್ಯ.

ಪುನರೀಕ್ಷಣೆ: ಕೆಳಗಿನವರ ಆದೇಶದ ಕ್ರಮಬದ್ಧತೆಯನ್ನು ಮೇಲಿನ ಅಧಿಕಾರಿಯು ಪರಿಶೀಲಿಸುವುದು. 136(3)ನೆಯ ಕಲಮಿನಂತೆ ಈ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ.

ವಿಳಂಬ ಮನ್ನಾ: ಅವಧಿ ಮೀರಿದ್ದಕ್ಕೆ ಸಾಕಷ್ಟು ಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸುವುದು. ಆಸ್ಪತ್ರೆಯ ದಾಖಲೆ, ಆದೇಶ ತಲುಪಿದ ಲಕೋಟೆ ಮೊದಲಾದವು ಇದಕ್ಕೆ ಆಧಾರಗಳು.

ತಡೆಯಾಜ್ಞೆ, ಯಥಾಸ್ಥಿತಿ: ತಡೆಯಾಜ್ಞೆಯು ಆದೇಶದ ಜಾರಿಯನ್ನು ತಡೆಯುತ್ತದೆ, ಯಥಾಸ್ಥಿತಿಯು ಇದ್ದುದನ್ನು ಇದ್ದಂತೆಯೇ ಕಾಪಾಡಲು ಉಭಯರಿಗೂ ಹೇಳುತ್ತದೆ. ಎರಡೂ ಅಂತಿಮ ತೀರ್ಮಾನಗಳಲ್ಲ.

ಘೋಷಣಾ ದಾವೆ: ಕಂದಾಯ ಅಧಿಕಾರಿಯು ತೀರ್ಮಾನಿಸುವುದು ದಾಖಲೆಯ ನಮೂದನ್ನು. ಜಮೀನಿನ ಒಡೆತನದ ಪ್ರಶ್ನೆಯನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ನಮೂದಿನಿಂದ ಬಾಧಿತರಾದವರು ತಮ್ಮ ಹಕ್ಕಿನ ಘೋಷಣೆ ಕೋರಿ ದಾವೆ ಹೂಡಲು 135ನೆಯ ಕಲಮಿನ ಪರಂತುಕದಲ್ಲಿ ಅವಕಾಶವಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕನ್ನಡದಲ್ಲಿ ಮಾತನಾಡಲು ಅಭ್ಯಾಸವಿಲ್ಲದವರು ಏನು ಮಾಡಬೇಕು?
ಉತ್ತರ: ಲಿಖಿತ ಹೇಳಿಕೆಯನ್ನು ಕನ್ನಡದಲ್ಲಿ ಬರೆಯಿಸಿ ತರಬಹುದು. ಮೌಖಿಕ ಹೇಳಿಕೆ ನೀಡಿದಲ್ಲಿ, ದಾಖಲಿಸಿದುದನ್ನು ತಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವಂತೆ ಕೋರಿ, ಸರಿಯಿದ್ದಲ್ಲಿ ಮಾತ್ರ ರುಜು ಅಥವಾ ಹೆಬ್ಬೆಟ್ಟು ಹಾಕತಕ್ಕದ್ದು.

ಪ್ರಶ್ನೆ: ವಿಚಾರಣೆಯ ದಿನ ಬರಲಾಗದಿದ್ದರೆ?
ಉತ್ತರ: ಕಾರಣ ತಿಳಿಸಿ ಮುಂದಿನ ದಿನಾಂಕವನ್ನು ಲಿಖಿತವಾಗಿ ಕೋರತಕ್ಕದ್ದು. ಮೌನವಾಗಿದ್ದಲ್ಲಿ ಏಕಪಕ್ಷೀಯ ಆದೇಶವಾಗಬಹುದು.

ಪ್ರಶ್ನೆ: ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರಿಗೆ ನೆರವಿದೆಯೇ?
ಉತ್ತರ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ಮಹಿಳೆಯರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸುವುದು.

ಪ್ರಶ್ನೆ: ಅರ್ಜಿಗೆ ಉತ್ತರವೇ ಬಾರದಿದ್ದರೆ?
ಉತ್ತರ: ಸಕಾಲ ಯೋಜನೆಯ ವ್ಯಾಪ್ತಿಯ ಸೇವೆಯಾಗಿದ್ದಲ್ಲಿ, ಸ್ವೀಕೃತಿಯಲ್ಲಿನ ಜಿ.ಎಸ್.ಸಿ. ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ.

13. ವಿಚಾರಣೆಗೆ ಬರುವ ಮುನ್ನ ನೋಡಿಕೊಳ್ಳಬೇಕಾದ ಅಂಶಗಳು

(ಅ) ತಿಳುವಳಿಕೆ ಪತ್ರದ ಸಂಖ್ಯೆ, ದಿನಾಂಕ ಹಾಗೂ ತಲುಪಿದ ದಿನಾಂಕ.
(ಆ) ಕೋರಿಕೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡಿರುವುದು.
(ಇ) ಪ್ರತಿ ಕಾರಣದ ಎದುರು ಅದಕ್ಕೆ ಆಧಾರವಾದ ದಾಖಲೆಯ ಹೆಸರು.
(ಈ) ಮೂಲ ದಾಖಲೆಗಳು ಪರಿಶೀಲನೆಗೆ, ನಕಲುಗಳು ಸಲ್ಲಿಕೆಗೆ. ಮೂಲ ದಾಖಲೆಯನ್ನು ಸ್ವೀಕೃತಿಯಿಲ್ಲದೆ ಯಾರಿಗೂ ಒಪ್ಪಿಸಕೂಡದು.
(ಉ) ಎದುರು ಕಡೆಯವರು ಹೇಳಬಹುದಾದ ಮಾತು ಮತ್ತು ಅದಕ್ಕೆ ಉತ್ತರ.

ಸೂಚನೆ: ಮೇಲಿನ ವಿವರಣೆಗಳನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ನೀಡಲಾಗಿದೆ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಕಾಲಮಿತಿಗೆ ಸಂಬಂಧಿಸಿದಂತೆ ತಮಗೆ ಜಾರಿಯಾದ ಪತ್ರದಲ್ಲಿನ ದಿನಾಂಕವನ್ನೇ ಅನುಸರಿಸಲು ಹಾಗೂ ಸಂಶಯವಿದ್ದಲ್ಲಿ ಅವಧಿ ಮುಗಿಯುವ ಮೊದಲೇ ಸಂಬಂಧಿಸಿದ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಲು ಕೋರಲಾಗಿದೆ.